ತಪಾಸಣೆಗೆ ಕರೆದೊಯ್ಯುವ ಮೊದಲು ಮಕ್ಕಳಿಗೆ ಏನು ಹೇಳಬೇಕು?

ಪ್ರಶ್ನೆ: ನಮ್ಮದು ಸಿಂದಗಿ ತಾಲೂಕಿನ ಹಳ್ಳಿ. ನನ್ನ ಅಕ್ಕನಿಗೆ ಐದು ವರ್ಷದ ಮಗಳು, ಒಂಬತ್ತು ವರ್ಷದ ಮಗ. ಮೂರು ವಾರದ ಹಿಂದೆ, ದೀಪಾವಳಿ ರಜೆಯಲ್ಲಿ, ಓಣಿಯವನೊಬ್ಬ ಕೆಟ್ಟದಾಗಿ ಮುಟ್ಟಿದ ಎಂದು ಹುಡುಗಿ ಮೊನ್ನೆ ರಾತ್ರಿ ತಾಯಿಗೆ ಹೇಳಿದಳು. ಹುಡುಗನೂ ಅವನ ಮನೆಗೆ ಆಡಲು ಹೋಗುತ್ತಿದ್ದ, ಆದರೆ ಅವನು ಬಾಯಿ ಬಿಡುತ್ತಿಲ್ಲ. ನಾಳೆ ದೂರು ಕೊಡುತ್ತೇವೆ. ಆಮೇಲೆ ಇಬ್ಬರನ್ನೂ ವಿಜಯಪುರಕ್ಕೆ ತಪಾಸಣೆಗೆ ಕಳಿಸುತ್ತಾರಂತೆ. ದವಾಖಾನೆ ಅಂದರೆ ಸಾಕು, ಹುಡುಗಿ ಮಂಚದ ಕೆಳಗೆ ಸೇರುತ್ತಾಳೆ. ಜಾತ್ರೆಗೆ ಹೋಗೋಣ ಅಂತ ಹೇಳಿ ಕರೆದುಕೊಂಡು ಹೋಗಲೇ? ಒಳಗೆ ಏನೇನು ಮಾಡುತ್ತಾರೆ, ನೋವಾಗುತ್ತದೆಯೇ? ಮುಂದೆ ಮದುವೆಗೆ ಅಡ್ಡಿಯಾಗುವಂಥದ್ದು ಏನಾದರೂ ಬರೆದುಕೊಡುತ್ತಾರೇನೋ ಎಂದು ಅಕ್ಕ ಅಳುತ್ತಾಳೆ. ಮಕ್ಕಳ ಚಿಗವ್ವ ನಾನು, ಜತೆಗೆ ಹೋಗುವವಳೂ ನಾನೇ.

ಉತ್ತರ: ಜಾತ್ರೆಯ ಮಾತು ಬೇಡ. ಈ ಮಗುವಿಗೆ ಒಬ್ಬ ದೊಡ್ಡವನು ಈಗಾಗಲೇ ಮೋಸ ಮಾಡಿದ್ದಾನೆ. ಜಾತ್ರೆ ಎಂದು ಹೊರಟು ಔಷಧಿ ವಾಸನೆಯ ಕೋಣೆಯಲ್ಲಿ ಇಳಿದರೆ, ಆ ಕೋಣೆಯಲ್ಲಿ ಅವಳು ನಂಬಬೇಕಾದ ಒಂದೇ ಮುಖ ನಿಮ್ಮದು, ಅದನ್ನೂ ಅವಳು ನಂಬುವುದಿಲ್ಲ. ತಪಾಸಣೆಯ ಮೇಜಿನ ಮೇಲೆ ಕೈಕಾಲು ಬಿಗಿಹಿಡಿದು ಕಿರುಚುವ ಮಕ್ಕಳಲ್ಲಿ ಹೆಚ್ಚಿನವರಿಗೆ ನೋವಾಗಿರುವುದಿಲ್ಲ. ಮುಂದೇನು ಅನ್ನುವುದು ಗೊತ್ತಿಲ್ಲದೆ ಹೆದರಿರುತ್ತಾರೆ.

ಹಾಗೆಂದು ಇವತ್ತೇ ಕೂಡಿಸಿಕೊಂಡು ಎಲ್ಲ ಹೇಳಿಬಿಡಬೇಡಿ. ಐದು ವರ್ಷದ ಮಗುವಿಗೆ ಹಿಂದಿನ ಸಂಜೆ ಹೇಳಿದರೆ ಸಾಕು. ಅದಕ್ಕೂ ಮೊದಲು ಹೇಳಿದರೆ ಹೆದರಿಕೆ ಬೆಳೆಯಲು ಅಷ್ಟು ದಿನ ಸಿಗುತ್ತದೆ. ಮೂರು ವರ್ಷದೊಳಗಿನವರಿಗೆ ಅದೇ ದಿನ ಬೆಳಿಗ್ಗೆ ಹೇಳಿದರಾಯಿತು. ಒಂಬತ್ತರ ಹುಡುಗನಿಗೆ ಮಾತ್ರ ತುಸು ಮೊದಲೇ ಹೇಳಿ, ಪ್ರಶ್ನೆ ಕೇಳಲು ಅವನಿಗೆ ಹೊತ್ತು ಬೇಕು. ನಿಮಗೆ ಸಿಗುವುದೂ ಹೆಚ್ಚೆಂದರೆ ಒಂದು ಸಂಜೆಯೇ, ಏಕೆಂದರೆ ದೂರು ಬಂದ 24 ತಾಸಿನೊಳಗೆ ಪೊಲೀಸರು ಮಗುವನ್ನು ವೈದ್ಯರಲ್ಲಿಗೆ ಕಳಿಸಬೇಕು. ಮಕ್ಕಳನ್ನು ತಯಾರು ಮಾಡಿಕೊಂಡು ಆಮೇಲೆ ದೂರು ಕೊಡೋಣ ಎಂದು ಮಾತ್ರ ತಡ ಮಾಡಬೇಡಿ.

ಹೇಳುವ ಮಾತು ನಿಮ್ಮ ಮನೆಯ ಮಾತಿನಲ್ಲೇ ಇರಲಿ, ನಾಲ್ಕೈದು ವಾಕ್ಯ ಮೀರದಿರಲಿ. ಉದಾಹರಣೆಗೆ: “ನಾಳೆ ನಾವು ವಿಜಾಪುರ ದವಾಖಾನಿಗೆ ಹೋಗ್ತೇವಿ. ಅಲ್ಲಿ ಡಾಕ್ಟರ್ ಬಾಯಾರು ನಿನ್ನ ತಲೀಯಿಂದ ಕಾಲಿನ ತನಕ ನೋಡ್ತಾರ. ಮೈ ಆರಾಮ ಐತೋ ಇಲ್ಲೋ ನೋಡೂದು ಅವರ ಕೆಲಸ. ಅವ್ವ ನಿನ್ನ ಬಾಜೂಕ ಇರ್ತಾಳ. ನೀ ಏನೂ ತಪ್ಪು ಮಾಡಿಲ್ಲ.” ಕೊನೆಯ ವಾಕ್ಯವನ್ನು ಬಿಡಬೇಡಿ. ದವಾಖಾನೆಗೆ ಒಯ್ಯುವುದನ್ನು ಶಿಕ್ಷೆ ಎಂದುಕೊಳ್ಳುವ ಮಕ್ಕಳು ಬಹಳ. ಅದಕ್ಕೆ ಕಾರಣ ನಾವೇ: “ಉಣ್ಣದಿದ್ದರ ಡಾಕ್ಟರ್ ಕಡೆ ಒಯ್ದು ಸೂಜಿ ಮಾಡಸ್ತೀನಿ” ಎಂದು ಹೆದರಿಸಿಯೇ ಸಾಕಿರುತ್ತೇವೆ. ಹೇಳಿದ ಮೇಲೆ ಅವಳು ಎದ್ದು ಆಟಕ್ಕೆ ಓಡಿದರೆ ಬಿಡಿ, ಪ್ರಶ್ನೆ ರಾತ್ರಿ ಹಾಸಿಗೆಯಲ್ಲಿ ಬರುತ್ತದೆ. ಕೇಳಿದಷ್ಟಕ್ಕೆ ಉತ್ತರ ಕೊಡಿ.

ಮಕ್ಕಳ ಕಿವಿಗೆ ಬೀಳಲೇಬಾರದ ಮಾತುಗಳೂ ಇವೆ. “ಏನರ ಹಾಳಾಗೇತೇನು ನೋಡ್ತಾರ” ಎಂಬುದು ಒಂದು. “ನೀ ಸುಳ್ಳು ಹೇಳಿದರ ಡಾಕ್ಟರಿಗೆ ತಿಳೀತೈತಿ” ಎಂಬುದು ಅದಕ್ಕಿಂತ ಕೆಟ್ಟದ್ದು. ಅಡುಗೆಮನೆಯಲ್ಲಿ ಅಕ್ಕಪಕ್ಕದವರ ಜತೆ ಪಿಸುಗುಟ್ಟಿದರೂ ಮಕ್ಕಳಿಗೆ ಕೇಳುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ನಾಳೆ ಏನಾಗುತ್ತದೆ ಎಂದು ಹೇಳಿ, ಆವತ್ತು ಏನಾಯಿತು ಎಂದು ಕೇಳಬೇಡಿ. ಮಗು ತಾಯಿಗೆ ಹೇಳಿದೆ, ತಾಯಿ ನಂಬಿದ್ದಾಳೆ, ಮನೆಯವರ ಪಾಲಿಗೆ ಅಷ್ಟು ಸಾಕು. ಅಜ್ಜಿ ಒಮ್ಮೆ, ಕಾಕಾ ಒಮ್ಮೆ, ನೀವೊಮ್ಮೆ ಕೇಳುತ್ತ ಹೋದರೆ ಮೂರು ತೊಂದರೆ. ಮಗು ದಣಿದು ವೈದ್ಯರ ಮುಂದೆ ಮೂಕವಾಗುತ್ತದೆ. “ಅವಾ ಹಿಂಗ ಮಾಡಿದ್ನಲ್ಲಾ?” ಎಂಬಂಥ ಪ್ರಶ್ನೆಗೆ ಸಣ್ಣ ಮಕ್ಕಳು ನಿಮ್ಮ ಮುಖ ನೋಡಿ ಹೂಂ ಅನ್ನುತ್ತವೆ, ನಿಮ್ಮ ಮಾತೂ ಅವರ ನೆನಪೂ ಕಲಸಿಹೋಗುತ್ತವೆ. ಮೂರನೆಯದು, ಮಗುವಿಗೆ ಹೇಳಿಕೊಟ್ಟಿದ್ದಾರೆ ಎಂದು ಎದುರು ವಕೀಲರು ನ್ಯಾಯಾಲಯದಲ್ಲಿ ಹಿಡಿಯುವುದು ಇದನ್ನೇ. ಮಗು ತಾನಾಗಿ ಹೇಳಿದರೆ ಕೆಲಸ ಬಿಟ್ಟು ಕೇಳಿ, “ಹೇಳಿದ್ದು ಛಲೋ ಆತು” ಅನ್ನಿ, ಆಮೇಲೆ ಅದರದೇ ಮಾತಿನಲ್ಲಿ, ದಿನಾಂಕ ಹಾಕಿ, ಒಂದು ವಹಿಯಲ್ಲಿ ಬರೆದಿಡಿ. ಮೊನ್ನೆ ರಾತ್ರಿ ತಾಯಿಗೆ ಹೇಳಿದ ಮಾತನ್ನೂ ನೆನಪು ಹಸಿಯಾಗಿರುವಾಗಲೇ ಅಕ್ಕನಿಂದ ಹಾಗೆ ಬರೆಸಿ. ತಿದ್ದುವುದು ಬೇಡ. ಮನೆಯಲ್ಲಿ ನೀವೇ ಬಟ್ಟೆ ಬಿಚ್ಚಿಸಿ ನೋಡುವುದೂ ಬೇಡ.

ಸಣ್ಣವಳಿಗೆ ಗೊಂದಲ ಆಗುವ ಜಾಗ ಇನ್ನೊಂದಿದೆ. ಅಂಗನವಾಡಿಯಲ್ಲೋ ಶಾಲೆಯಲ್ಲೋ “ಚಡ್ಡಿಯ ಒಳಗಿನ ಜಾಗ ಯಾರೂ ನೋಡಬಾರದು, ಮುಟ್ಟಬಾರದು” ಎಂದು ಕಲಿಸಿರುತ್ತಾರೆ. ನಾಳೆ ವೈದ್ಯರು ಅದೇ ಜಾಗ ನೋಡುತ್ತಾರೆ, ಅದೂ ಅವ್ವನ ಎದುರಿಗೆ. ಹಾಗಾದರೆ ಕಲಿತದ್ದು ಸುಳ್ಳೇ? ಈ ಗಂಟನ್ನು ಮೊದಲೇ ಬಿಡಿಸಿ: “ಡಾಕ್ಟರ್ ನೋಡಬೌದು. ಆದರ ಅವ್ವ ಕೂಡ ಇರಬೇಕು, ಮೊದಲ ನಿನ್ನ ಕೇಳಬೇಕು, ಮನ್ಯಾಗ ಹೇಳಬ್ಯಾಡ ಅನ್ನಬಾರದು.” ಗುಟ್ಟು ಇಲ್ಲದಿರುವುದೇ ವೈದ್ಯರಿಗೂ ಆ ಮನುಷ್ಯನಿಗೂ ಇರುವ ವ್ಯತ್ಯಾಸ ಎಂಬುದು ಐದು ವರ್ಷದವರಿಗೂ ತಿಳಿಯುತ್ತದೆ. ಆ ಜಾಗಕ್ಕೆ ಅವಳು ‘ಉಚ್ಚಿ ಜಾಗ’ ಅನ್ನುತ್ತಾಳೋ ಇನ್ನೇನೋ ಅನ್ನುತ್ತಾಳೋ, ಅದೇ ಇರಲಿ. ಈಗ ಹೊಸ ಹೆಸರು ಕಲಿಸಲು ಹೋಗಬೇಡಿ. ಅವಳ ಪದ ಯಾವುದು ಎಂದು ವೈದ್ಯರಿಗೆ ಹೇಳಿದರೆ ಅವರೂ ಅದನ್ನೇ ಬಳಸುತ್ತಾರೆ.

ಸಂಜೆ ಗೊಂಬೆ ಇಟ್ಟುಕೊಂಡು ದವಾಖಾನೆ ಆಟ ಆಡಬಹುದು. ಗೊಂಬೆಯ ಎದೆ ಕೇಳುವುದು, ಹೊಟ್ಟೆ ಒತ್ತುವುದು, ಬಾಯಿ ಆ ಮಾಡಿಸುವುದು, ತೂಕ ಮಾಡುವುದು, ಚಾದರ ಹೊದಿಸಿ ಮಲಗಿಸುವುದು ಇಷ್ಟು ಸಾಕು. ಡಾಕ್ಟರ್ ಅವಳಾಗಲಿ, ನೀವು ಪೇಷಂಟ್ ಆಗಿ. ಖಾಸಗಿ ಜಾಗದ ತಪಾಸಣೆಯನ್ನು ಆಟದಲ್ಲಿ ತರಬೇಡಿ.

ಇನ್ನು ಒಳಗೆ ನಡೆಯುವುದು. ವೈದ್ಯರು ಮೊದಲು ತಾಯಿಯ ಬಳಿ ಮಗುವಿನ ಆರೋಗ್ಯದ ಹಿನ್ನೆಲೆ ಕೇಳುತ್ತಾರೆ. ಈ ಮಾತು ನಡೆಯುವಾಗ ಮಗುವನ್ನು ನೀವು ಹೊರಗೆ ಆಡಿಸಿ. ತನ್ನ ಕಥೆಯನ್ನು ತಾಯಿ ಅಳುತ್ತ ಹೇಳುವುದನ್ನು ಅದು ಕೇಳಬೇಕಿಲ್ಲ. ಆಮೇಲೆ ಎತ್ತರ, ತೂಕ, ಕಣ್ಣು, ಕಿವಿ, ಬಾಯಿ, ಎದೆ, ಹೊಟ್ಟೆ, ಬೆನ್ನು, ಕೈಕಾಲು. ಒಮ್ಮೆಗೆ ಒಂದೇ ಬಟ್ಟೆ ಸರಿಸಿ, ನೋಡಿ, ಮತ್ತೆ ಮುಚ್ಚುತ್ತಾರೆ. ಖಾಸಗಿ ಜಾಗ ನೋಡುವುದು ಕೊನೆಗೆ, ಅದು ಹೆಚ್ಚಾಗಿ ಕೆಲವೇ ನಿಮಿಷದ ಕೆಲಸ. ಮಗು ಅಂಗಾತ ಮಲಗಿ ಎರಡೂ ಅಂಗಾಲು ಕೂಡಿಸಿ ಮೊಣಕಾಲು ಅಗಲಿಸುತ್ತದೆ, “ಕಪ್ಪಿ ಕುಂತಂಗ” ಎಂದರೆ ಮಕ್ಕಳಿಗೆ ಗೊತ್ತಾಗುತ್ತದೆ. ಮೇಜು ಹತ್ತಲು ಒಪ್ಪದಿದ್ದರೆ ತಾಯಿಯ ತೊಡೆಯ ಮೇಲೆಯೇ ಹೀಗೆ ಒರಗಿಸಿ ನೋಡಬಹುದು. ವೈದ್ಯರು ಹೊರಭಾಗವನ್ನು ಬೆರಳಿನಿಂದ ತುಸು ಸರಿಸಿ, ದೀಪ ಹಿಡಿದು ನೋಡುತ್ತಾರೆ. ಕೆಲವೆಡೆ ದೊಡ್ಡದಾಗಿ ಕಾಣಿಸುವ, ದೀಪವಿರುವ ಯಂತ್ರ ಬಳಸುತ್ತಾರೆ. ಅದು ದೂರದಲ್ಲೇ ನಿಲ್ಲುತ್ತದೆ, ಮೈಗೆ ತಾಗುವುದಿಲ್ಲ. ಮೈನೆರೆಯದ ಹುಡುಗಿಯರಲ್ಲಿ ಒಳಗಿನ ಪದರ ಮುಟ್ಟಿದರೇ ನೋಯುವಷ್ಟು ಸೂಕ್ಷ್ಮವಾಗಿರುತ್ತದೆ, ಆದ್ದರಿಂದ ಒಳಗೆ ಯಾವ ಉಪಕರಣವನ್ನೂ ಹಾಕುವುದಿಲ್ಲ. ರಕ್ತಸ್ರಾವವೋ ಒಳಗಾಯವೋ ಇದೆ ಅನ್ನಿಸಿದರೆ ಅರಿವಳಿಕೆ ಕೊಟ್ಟೇ ನೋಡುತ್ತಾರೆ. ಆಗ ಮಾತ್ರ ಮಗು ಖಾಲಿ ಹೊಟ್ಟೆಯಲ್ಲಿರಬೇಕು, ಊಟಕ್ಕೂ ಹಾಲಿಗೂ 6 ತಾಸು, ಬರೀ ನೀರಿಗೆ 2 ತಾಸು. ಹಾಗೆಂದು ಮೊದಲೇ ಹೇಳದಿದ್ದರೆ ಹೊಟ್ಟೆ ತುಂಬ ತಿನ್ನಿಸಿಯೇ ಕರೆದೊಯ್ಯಿರಿ. ಹಸಿದ ಮಗುವನ್ನು ಯಾವ ವೈದ್ಯರೂ ಒಲಿಸಿಕೊಳ್ಳಲಾರರು.

ಯೋನಿಯೊಳಗೆ ಬೆರಳು ಹಾಕಿ ನೋಡುವ ‘ಎರಡು ಬೆರಳಿನ ಪರೀಕ್ಷೆ’ ಎಂಬ ಹೆಸರು ಅಕ್ಕನ ಕಿವಿಗೆ ಬಿದ್ದಿದ್ದರೆ, ಅದನ್ನು ಮಾಡುವಂತೆಯೇ ಇಲ್ಲ ಎಂದು ಹೇಳಿ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ, ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿದೆ.

ಸೂಜಿಯ ವಿಷಯದಲ್ಲಿ “ಸೂಜಿ ಇಲ್ಲ” ಎಂದು ಮಾತು ಕೊಡಬೇಡಿ. ಸೋಂಕು ಇದೆಯೇ ಎಂದು ನೋಡಲು ರಕ್ತ ತೆಗೆಯಬಹುದು. “ಬೇಕಾದರ ಸ್ವಲ್ಪ ರಕ್ತ ತಗೀತಾರ, ಇರುವಿ ಕಡದಂಗ ಆಗ್ತೈತಿ, ಆಗ ನೀ ನನ್ನ ಕೈ ಗಟ್ಟಿ ಹಿಡಿ” ಎಂದರೆ ಮುಗಿಯಿತು. ರಕ್ತ ತೆಗೆಯುವುದನ್ನು ಕಟ್ಟಕಡೆಗೆ ಇಡುವಂತೆ ಕೇಳಿ, ಮೊದಲೇ ಚುಚ್ಚಿದರೆ ಉಳಿದ ತಪಾಸಣೆ ಕೈಬಿಟ್ಟಂತೆಯೇ. ಮೂತ್ರವನ್ನೂ ಕೇಳುತ್ತಾರೆ. ಬಸ್ಸಿಳಿದ ಕೂಡಲೇ ಒಂದಕ್ಕೆ ಕಳಿಸಿಬಿಟ್ಟು ಆಮೇಲೆ ತಾಸುಗಟ್ಟಲೆ ಕಾಯುವುದು ಸಾಮಾನ್ಯ, ಮೊದಲು ನರ್ಸ್ ಅವರನ್ನು ಕೇಳಿ, ಸೀಸೆ ಇಸಿದುಕೊಳ್ಳಿ.

ಮೇಜಿನ ಮೇಲೆ ಮಗುವಿಗೆ ಒಂದು ಹಿಡಿತ ಕೊಡಿ. “ಸಾಕು ಅನಿಸಿದರ ಕೈ ಎತ್ತು, ಡಾಕ್ಟರ್ ನಿಲ್ಲಸ್ತಾರ.” ವೈದ್ಯರಿಗೂ ಇದನ್ನು ಮೊದಲೇ ತಿಳಿಸಿರಿ, ಮಗು ಕೈ ಎತ್ತಿದಾಗ ನಿಜವಾಗಿ ನಿಲ್ಲಿಸಬೇಕು. ಒಮ್ಮೆ ನಿಲ್ಲಿಸಿದರೆ ಮಗು ಎರಡನೆಯ ಸಲ ತಾನೇ ಸಹಕರಿಸುವುದುಂಟು. ಕೈಯಲ್ಲಿ ಹಿಡಿದುಕೊಳ್ಳಲು ತನ್ನದೇ ಗೊಂಬೆಯೋ ಅವ್ವನ ಹಳೆ ಸೀರೆಯ ತುಂಡೋ ಇರಲಿ. ಮೊಬೈಲಿನಲ್ಲಿ ಹಾಡು ಹಾಕಿಕೊಡಬಹುದು. ಆದರೆ ಆ ಮನುಷ್ಯ ಮೊಬೈಲ್ ತೋರಿಸಿ ಮೋಸ ಮಾಡಿದ್ದರೆ, ಅಥವಾ ಫೋಟೊ ತೆಗೆದಿದ್ದರೆ, ಮೊಬೈಲ್ ಹೊರಗೆ ತೆಗೆಯಬೇಡಿ. ಗಾಯದ ಫೋಟೊ ತೆಗೆಯುವ ಮೊದಲು ಮಗುವಿಗೆ ತಿಳಿಸಿ ಎಂದು ವೈದ್ಯರಿಗೂ ಹೇಳಿ.

ಏನು ಮಾಡಿದರೂ ಒಪ್ಪದಿದ್ದರೆ? ನಾಲ್ಕು ಜನ ಹಿಡಿದು ಒತ್ತಿ ಮಾಡಿಸುವುದು ಬೇಡ. ಮಗುವಿಗೆ ಅದು ಮೊದಲಿನದರ ಪುನರಾವರ್ತನೆ. ಮೂರು ವಾರ ಕಳೆದಿರುವುದರಿಂದ ನಿಮ್ಮ ವಿಷಯದಲ್ಲಿ ಒಂದು ದಿನ ಮುಂದೂಡಿದರೆ ಕಳೆದುಕೊಳ್ಳುವುದು ಅಷ್ಟೇನಿಲ್ಲ. ಒಪ್ಪಿಗೆ ಕೊಟ್ಟ ಮೇಲೂ ಯಾವುದೇ ಒಂದು ಭಾಗ ಬೇಡ ಎನ್ನಬಹುದು, ಬೇಡ ಎಂದದ್ದನ್ನು ಬರೆದುಕೊಳ್ಳುತ್ತಾರೆ. ಬೇಡ ಎಂದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಪಾಲಕರು ಸಹಿ ಮಾಡುತ್ತಾರೆ, ಆ ಮೇಲಿನವರ ಒಪ್ಪಿಗೆಯನ್ನು ಅವರಿಂದಲೇ ಪಡೆಯಬೇಕು. ಆದರೂ ಒಂಬತ್ತರವನನ್ನು ಕೇಳದೆ ಅವನ ಚಡ್ಡಿಗೆ ಕೈ ಹಾಕಬಾರದು.

ಹುಡುಗನ ವಿಷಯ ನೀವು ಕಡಿಮೆ ಬರೆದಿದ್ದೀರಿ, ಮನೆಗಳಲ್ಲೂ ಹೀಗೆಯೇ ಆಗುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಗೆ ಹುಡುಗ ಹುಡುಗಿ ಎಂಬ ಭೇದವಿಲ್ಲ. ಅವನು ಸುಮ್ಮನಿರುವುದರಿಂದ ಏನೂ ಆಗಿಲ್ಲ ಎಂದೂ ಅಲ್ಲ, ಆಗಿದೆ ಎಂದೂ ಅಲ್ಲ. “ತಂಗೀನ ನೋಡ್ಕೋಬೇಕಿತ್ತು ನೀ” ಎಂದು ಯಾರಾದರೂ ಅವನಿಗೆ ಅಂದಿದ್ದರೆ ಆ ಮಾತನ್ನು ಇವತ್ತೇ ಹಿಂದೆಗೆದುಕೊಳ್ಳಿ. “ನೀನೂ ಆ ಮನಿಗೆ ಹೋಗ್ತಿದ್ದಿ, ಅದಕ್ಕ ನಿನ್ನೂ ನೋಡ್ತಾರ” ಎಂದು ನೇರವಾಗಿ ಹೇಳಿ, ಬಾಯಿ ಬಿಡಿಸಲು ಹೋಗಬೇಡಿ. ಹುಡುಗಿಯನ್ನು ಮಹಿಳಾ ವೈದ್ಯರೇ ನೋಡಬೇಕು ಎಂದು ಪೋಕ್ಸೊ ಕಾಯ್ದೆಯ 27ನೇ ಕಲಂ ಹೇಳುತ್ತದೆ. ಹುಡುಗನಿಗೆ ಆ ನಿಯಮವಿಲ್ಲ, ಆದ್ದರಿಂದ ಡಾಕ್ಟರ್ ಗಂಡಸಾದರೆ ಸರಿಯೋ ಹೆಂಗಸಾದರೆ ಸರಿಯೋ ಅವನನ್ನೇ ಕೇಳಿ. ಅವನಿಗೆ ಪಕ್ಕಕ್ಕೆ ಮಲಗಿ ಮೊಣಕಾಲು ಎದೆಗೆ ಎಳೆದುಕೊಳ್ಳಲು ಹೇಳುತ್ತಾರೆ, ಹಿಂಭಾಗವನ್ನು ನೋಡುವುದು ಹಾಗೆ. ಇದನ್ನು ಮೊದಲೇ ಹೇಳದಿದ್ದರೆ ಈ ವಯಸ್ಸಿನ ಹುಡುಗರು ನಾಚಿಕೆಯಲ್ಲಿ ಕಲ್ಲಾಗುತ್ತಾರೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನೋಡಿಸಬೇಡಿ.

ಯಾರು ಒಳಗೆ ಹೋಗಬೇಕು? ತಂದೆ ಅಥವಾ ತಾಯಿ, ಇಲ್ಲವೇ ಮಗು ನಂಬುವ ಬೇರೆ ಯಾರಾದರೂ ಇರಬೇಕು ಎಂದು ಅದೇ 27ನೇ ಕಲಂ ಹೇಳುತ್ತದೆ. ಅಕ್ಕ ಅಳು ತಡೆಯಲಾರಳು ಅನ್ನಿಸಿದರೆ ನೀವೇ ಹೋಗಿ, ಆದರೆ ಹುಡುಗಿಯನ್ನು ಕೇಳಿಕೊಂಡು. ಮಗು ನೋಡುವುದು ದೀಪವನ್ನಲ್ಲ, ನಿಮ್ಮ ಮುಖವನ್ನು. ತಲೆಯ ಕಡೆ ನಿಂತು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತಿರಿ, ವೈದ್ಯರು ಏನು ನೋಡುತ್ತಿದ್ದಾರೆ ಎಂದು ಬಗ್ಗಿ ನೋಡಬೇಡಿ. ಪೊಲೀಸರು, ಅವರು ಮಹಿಳೆಯೇ ಆಗಿರಲಿ, ತಪಾಸಣೆಯ ಕೋಣೆಯೊಳಗೆ ಇರುವಂತಿಲ್ಲ. ಊರಿನಿಂದ ಜೀಪು ತುಂಬ ಬಂಧುಗಳು ಬರುವುದನ್ನು ದಯವಿಟ್ಟು ತಡೆಯಿರಿ. ಹೊರಗಿನ ಕಟ್ಟೆಯ ಮೇಲೆ ಹತ್ತು ಜನ ಕುಳಿತರೆ ಮಗುವಿನ ಗುರುತು ಗುಟ್ಟಾಗಿ ಉಳಿಯುವುದಿಲ್ಲ. ಇಬ್ಬರು ಮಕ್ಕಳಿಗೆ ಮೂವರು ದೊಡ್ಡವರು ಸಾಕು.

ಆಸ್ಪತ್ರೆ ಯಾವುದು ಎಂಬ ಚಿಂತೆ ಬೇಡ. ವಿಜಯಪುರದ ಜಿಲ್ಲಾಸ್ಪತ್ರೆಯಿರಲಿ, ಖಾಸಗಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿರಲಿ, ಇಂಥ ಮಕ್ಕಳಿಗೆ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧ ಪ್ರಕರಣಗಳನ್ನು ನಡೆಸುವ ವಿಧಾನದ ಕಾನೂನು) 397ನೇ ಕಲಂ. ಎಫ್‌ಐಆರ್ ಆಗಿಲ್ಲ, ಪೊಲೀಸ್ ಪತ್ರ ತಂದಿಲ್ಲ ಎಂದು ತಿರುಗಿಸಿ ಕಳಿಸುವಂತಿಲ್ಲ. ನೇರವಾಗಿ ಆಸ್ಪತ್ರೆಗೆ ಹೋದರೆ ಅವರೇ ಪೊಲೀಸರಿಗೆ ತಿಳಿಸುತ್ತಾರೆ. ಮಗುವಿನ ಹೇಳಿಕೆ ಪಡೆಯಲು ಬರುವ ಪೊಲೀಸರೂ ಸಮವಸ್ತ್ರದಲ್ಲಿ ಇರಬಾರದು. ಮನೆಯಲ್ಲೇ ಹೇಳಿಕೆ ಪಡೆಯಿರಿ ಎಂದು ಕೇಳಬಹುದು. ತಾಂಡಾದ ಮಕ್ಕಳು ಲಂಬಾಣಿ ಮಾತ್ರ, ಬೆಳಗಾವಿ ಗಡಿಯ ಮಕ್ಕಳು ಮರಾಠಿ ಮಾತ್ರ ಬಲ್ಲವರಾದರೆ ದುಭಾಷಿಯನ್ನು ಕೇಳುವ ಹಕ್ಕೂ ಇದೆ. ಎಲ್ಲಾದರೂ ತೊಡಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ, ತುರ್ತಿಗೆ 112ಕ್ಕೆ ಕರೆ ಮಾಡಿ. ಕೊನೆಯವರೆಗೆ ಜತೆಗಿರುವ ‘ಬೆಂಬಲ ವ್ಯಕ್ತಿ’ಯನ್ನು ನೇಮಿಸುವುದು ಮಕ್ಕಳ ಕಲ್ಯಾಣ ಸಮಿತಿ. ಹೋಗಿಬರುವ ಖರ್ಚಿಗೆ ತುರ್ತು ನೆರವನ್ನು ಶಿಫಾರಸು ಮಾಡುವ ಅಧಿಕಾರವೂ ಆ ಸಮಿತಿಗೇ ಇದೆ, ಬಾಯಿಬಿಟ್ಟು ಕೇಳಬೇಕು.

ಚೀಲದಲ್ಲಿ ಇರಬೇಕಾದದ್ದು: ಜನನ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆ (ವಯಸ್ಸಿನ ಮೇಲೆಯೇ ಪ್ರಕರಣ ನಿಂತಿರುತ್ತದೆ), ತಾಯಿ ಕಾರ್ಡ್ ಅಥವಾ ಲಸಿಕೆಯ ಚೀಟಿ, ಹಳೆಯ ಔಷಧಿ ಚೀಟಿಗಳು, ಒಂದು ಜತೆ ಬಟ್ಟೆ, ನೀರು, ಚುರುಮುರಿ, ಬಾಳೆಹಣ್ಣು. ಸಿಂದಗಿಯಿಂದ ಸುಮಾರು 60 ಕಿಲೋಮೀಟರ್ ಪ್ರಯಾಣ, ಮೇಲೆ ಅರ್ಧ ದಿನದ ಕಾಯುವಿಕೆ. ಗುಂಡಿ, ಲಾಡಿ ಜಾಸ್ತಿ ಇರುವ ಬಟ್ಟೆ ಹಾಕಬೇಡಿ, ಸಡಿಲ ಅಂಗಿ ಚಡ್ಡಿ ಸಾಕು. ಉಡಿದಾರ ಬಿಚ್ಚಬೇಕಿಲ್ಲ, ಸರಿಸಿ ನೋಡುತ್ತಾರೆ. ಮೂರು ವಾರವಾಗಿರುವುದರಿಂದ ಎಂದಿನಂತೆ ಸ್ನಾನ ಮಾಡಿಸಬಹುದು, ಆದರೆ ಆ ಜಾಗಕ್ಕೆ ಅರಿಷಿಣ, ಕೊಬ್ಬರಿ ಎಣ್ಣೆ, ಪೌಡರ್ ಹಚ್ಚಬೇಡಿ, ನೋಡಬೇಕಾದದ್ದು ಅದರಡಿ ಮುಚ್ಚಿಹೋಗುತ್ತದೆ. ಕೂಸಿದ್ದಾಗ ಹೊಟ್ಟೆಗೋ ಬೆನ್ನಿಗೋ ಬರೆ ಹಾಕಿಸಿದ್ದರೆ ಮುಚ್ಚಿಡದೆ ಹೇಳಿಬಿಡಿ. ಹೇಳದಿದ್ದರೆ ಆ ಕಲೆ ಬೇರೆ ಯಾರದೋ ಹಿಂಸೆಯೆಂದು ದಾಖಲಾಗಿ ತನಿಖೆ ದಾರಿ ತಪ್ಪುತ್ತದೆ. ಹುಟ್ಟಿನಿಂದಲೇ ಸೊಂಟದ ಕೆಳಗೆ ನೀಲಿ ಮಚ್ಚೆ ಇರುವ ಮಕ್ಕಳೂ ನಮ್ಮಲ್ಲಿ ಬಹಳ. ಅದನ್ನೂ ತಿಳಿಸಿ, ಪೆಟ್ಟಿನ ಗುರುತು ಎಂದು ತಪ್ಪು ತಿಳಿಯುವ ಸಾಧ್ಯತೆಯಿದೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಘಟನೆ ನಡೆದು 4 ದಿನ, ಅಂದರೆ 96 ತಾಸು, ಆಗಿಲ್ಲದಿದ್ದರೆ ಮೇಲಿನ ಸಾವಕಾಶ ನಿಮಗಿಲ್ಲ, ಈಗಲೇ ಹೊರಡಿ. ಸ್ನಾನ ಬೇಡ, ತೊಳೆಯುವುದು ಬೇಡ. ಆವತ್ತಿನ ಬಟ್ಟೆ, ಮುಖ್ಯವಾಗಿ ಚಡ್ಡಿ, ಒಗೆಯದೆ ಕಾಗದದ ಚೀಲದಲ್ಲಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಷ್ಟು ಹಿಡಿದು ಕುರುಹು ಕೆಡುತ್ತದೆ. ಮಗು ಒಂದಕ್ಕೆ ಹೋಗಿದ್ದರೂ, ಸ್ನಾನವಾಗಿದ್ದರೂ ಹೋಗಲೇಬೇಕು. ಎಚ್‌ಐವಿ ತಡೆಯುವ ಔಷಧ ಬೇಕೆನಿಸಿದರೆ 72 ತಾಸಿನೊಳಗೆ ಶುರುವಾಗಬೇಕು, ಬೇಗ ಆದಷ್ಟು ಒಳ್ಳೆಯದು. ದಿನ ಎಷ್ಟೇ ಕಳೆದಿರಲಿ, ರಕ್ತ, ಬಿಳಿಸೆರಗು, ಉಚ್ಚೆ ಹೊಯ್ಯುವಾಗ ಉರಿ, ಜ್ವರ ಕಂಡರೂ ಅದೇ ದಿನ ಹೋಗಿ. ಇದು ನಿಮಗೂ ಅನ್ವಯಿಸುತ್ತದೆ.

ಈಗ ಅಕ್ಕನ ಅಳುವಿಗೆ ಉತ್ತರ. ವೈದ್ಯರು ಬರೆಯುವುದು ಕನ್ಯತ್ವದ ಪ್ರಮಾಣಪತ್ರವಲ್ಲ, ಹಾಗೊಂದನ್ನು ತಪಾಸಣೆ ಮಾಡಿ ಹೇಳಲು ಆಗುವುದೂ ಇಲ್ಲ. ಕನ್ಯಾಪೊರೆ ಒಬ್ಬೊಬ್ಬರಲ್ಲಿ ಒಂದೊಂದು ತರಹ ಇರುತ್ತದೆ. ವರದಿಯನ್ನು ವೈದ್ಯರು 7 ದಿನದೊಳಗೆ ತನಿಖಾಧಿಕಾರಿಗೆ ಕಳಿಸಬೇಕು, ಊರವರ ಕೈಗೆ ಅದು ಹೋಗುವುದಿಲ್ಲ. ಮಗುವಿನ ಹೆಸರು, ಫೋಟೊ, ಮನೆತನ, ಶಾಲೆಯನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ವರದಿಯ ಒಂದು ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ.

ವರದಿಯಲ್ಲಿ “ಗಾಯದ ಗುರುತಿಲ್ಲ” ಎಂದಿದ್ದರೆ ಗಾಬರಿಯಾಗಬೇಡಿ, ಮಗು ಸುಳ್ಳು ಹೇಳಿತು ಎಂದೂ ತಿಳಿಯಬೇಡಿ. ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಬಹುಪಾಲು ಮಂದಿಯ ತಪಾಸಣೆಯಲ್ಲಿ ಏನೂ ಕಾಣುವುದಿಲ್ಲ. ಮುಟ್ಟಿದ್ದಕ್ಕೆ ಗುರುತು ಉಳಿಯುವುದಿಲ್ಲ, ಆದ ಸಣ್ಣ ಗಾಯವೂ ಆ ಜಾಗದಲ್ಲಿ ಬಾಯೊಳಗಿನ ಗಾಯದಂತೆ ಕೆಲವೇ ದಿನದಲ್ಲಿ ಮಾಯುತ್ತದೆ. ಪ್ರಕರಣ ಮುಖ್ಯವಾಗಿ ನಿಲ್ಲುವುದು ಮಗುವಿನ ಮಾತಿನ ಮೇಲೆ.

ತಪಾಸಣೆ ಮುಗಿದ ಮೇಲೆ ಬಟ್ಟೆಯನ್ನು ಅವಳೇ ಹಾಕಿಕೊಳ್ಳಲಿ. “ನಿನ್ನ ಮೈ ಆರಾಮ ಐತಿ” ಎಂಬ ಮಾತನ್ನು ಅವಳಿಗೇ ಹೇಳುವಂತೆ ವೈದ್ಯರನ್ನು ಕೇಳಿ. ತನ್ನೊಳಗೇನೋ ಮುರಿದಿದೆ ಎಂದು ಸಣ್ಣ ಮಕ್ಕಳೂ ಒಳಗೊಳಗೇ ನಂಬಿರುತ್ತಾರೆ, ಮನೆಯವರು ಹೇಳಿದರೆ ಹೋಗದ ಆ ನಂಬಿಕೆ ಬಿಳಿ ಕೋಟಿನವರು ಹೇಳಿದರೆ ಹೋಗುತ್ತದೆ. ಆದರೆ ಒಳಗೆ ಹೋಗುವ ಮೊದಲೇ ಈ ಮಾತನ್ನು ನೀವು ಕೊಡಬೇಡಿ. ಚಿಕಿತ್ಸೆ ಬೇಕಾದರೆ “ಔಷಧ ತಗೊಂಡರ ಮಾಯ್ತೈತಿ” ಎಂದರಾಯಿತು. ರಕ್ತಪರೀಕ್ಷೆಗೆ ಮತ್ತೆ ಕರೆಯುವುದುಂಟು, ದಿನಾಂಕವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ನಾಲ್ಕಾರು ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳಬಹುದು, ನಿಮ್ಮನ್ನು ಬಿಟ್ಟಿರಲಾರೆ ಎನ್ನಬಹುದು. ಬೈಯದೆ ಚಾದರ ಬದಲಿಸಿ. ವಾರಗಟ್ಟಲೆ ಮುಂದುವರಿದರೆ, ಅಥವಾ ಹುಡುಗ ಊಟ, ಶಾಲೆ, ಆಟ ಬಿಟ್ಟು ಮೂಲೆ ಸೇರಿದರೆ, ಆ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಅಕ್ಕನಿಗೂ ಆ ನಂಬರ್ ಕೊಡಿ.